ರಕ್ಕಸನ ಕೈ ಹಿಡಿದ ಹುಡುಗ

ಇದ್ದಿಲು ಮಾರುವ ಬಡ ಹುಡುಗನೊಬ್ಬ ಕತ್ತಿ ಹಿಡಿದು ರಕ್ಕಸರ ಬೇಟೆಗೆ ಹೊರಟ ಕತೆಗೆ 2026ರ ಫೆಬ್ರುವರಿಗೆ ಹತ್ತು ವರ್ಷ. ಜಪಾನಿನ ಪ್ರಧಾನಿಯ ಬಾಯಲ್ಲೂ ಬಂದ, ನಮ್ಮ ಮಲ್ಟಿಪ್ಲೆಕ್ಸ್‌ಗಳನ್ನೂ ತುಂಬಿಸಿದ ‘ಡೀಮನ್ ಸ್ಲೇಯರ್’ನಲ್ಲಿ ಉರುಳುವ ತಲೆಗಳಿಗೆ ಲೆಕ್ಕವಿಲ್ಲ. ಆದರೆ ಉರುಳಿದ ತಲೆಯ ಕತೆ ಕೇಳದೆ ಈ ಹುಡುಗ ಮುಂದೆ ಹೋಗುವುದಿಲ್ಲ!

ಎತ್ತ ನೋಡಿದರೂ ಹಿಮ. ಹದಿಮೂರರ ಹುಡುಗನೊಬ್ಬ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಬೆಟ್ಟ ಇಳಿಯುತ್ತಿದ್ದಾನೆ. ಅವಳ ಮೈಯೆಲ್ಲ ರಕ್ತ. ಅವನ ಬಾಯಿಂದ ಬಿಳಿ ಹಬೆ. ಊರು ಇನ್ನೂ ದೂರ. ವೈದ್ಯರು ಸಿಗುವವರೆಗೆ ಈ ಜೀವ ಉಳಿದರೆ ಸಾಕು ಅನ್ನುವುದೊಂದೇ ಧ್ಯಾನ.

ಅಷ್ಟರಲ್ಲಿ ಬೆನ್ನ ಮೇಲಿನ ತಂಗಿ ಮೃಗದಂತೆ ಕಿರುಚುತ್ತಾಳೆ. ಕಾಲು ಜಾರಿ ಇಬ್ಬರೂ ಕೆಳಗೆ. ಹಿಮದ ರಾಶಿ ಜೀವ ಉಳಿಸುತ್ತದೆ. ಹುಡುಗ ತಲೆಯೆತ್ತಿ ನೋಡಿದರೆ ಎದುರಿಗೆ ನಿಂತಿರುವುದು ತಂಗಿಯೇ ಹೌದು, ಆದರೆ ಕೋರೆಹಲ್ಲು ಮೂಡಿದೆ, ಕಣ್ಣಿನ ಪಾಪೆ ಗೆರೆಯಂತಾಗಿದೆ. ಅಣ್ಣನ ಕುತ್ತಿಗೆಗೇ ಬಾಯಿ ಹಾಕಲು ಬರುತ್ತಾಳೆ.

ಅವನು ಕೊಡಲಿಯ ಹಿಡಿಯನ್ನು ಅವಳ ಹಲ್ಲಿನ ನಡುವೆ ಅಡ್ಡ ಕೊಟ್ಟು, ತಡೆದುಕೋ, ರಕ್ಕಸಿಯಾಗಬೇಡ ಎಂದು ಅಂಗಲಾಚುತ್ತಾನೆ. ಕೊಡಲಿಯ ಹಿಡಿಯನ್ನು ಕಚ್ಚಿಕೊಂಡೇ ಅವಳು ಅಳತೊಡಗುತ್ತಾಳೆ. ದಪ್ಪ ದಪ್ಪ ಹನಿ ಅಣ್ಣನ ಮುಖದ ಮೇಲೆ ಬೀಳುತ್ತದೆ.

2016ರ ಫೆಬ್ರುವರಿ 15ರಂದು ಟೋಕಿಯೊದ ಶುಯೇಶಾ ಸಂಸ್ಥೆಯ ‘ವೀಕ್ಲಿ ಶೋನೆನ್ ಜಂಪ್’ ಕಾಮಿಕ್ ವಾರಪತ್ರಿಕೆಯಲ್ಲಿ ಶುರುವಾದ ‘ಕಿಮೆತ್ಸು ನೊ ಯಾಯ್ಬಾ’ದ ಮೊದಲ ಕಂತು ಇದು. ಹೊರಗಿನವರಿಗೆ ಇದು ‘ಡೀಮನ್ ಸ್ಲೇಯರ್’ ಎಂದೇ ಪರಿಚಯ. ಹುಡುಗನ ಹೆಸರು ತಂಜಿರೊ ಕಮಾಡೊ, ತಂಗಿ ನೆಜುಕೊ.

ಒಂದೇ ರಾತ್ರಿಯಲ್ಲಿ

ತಂಜಿರೊ ಆರು ಮಕ್ಕಳಲ್ಲಿ ಹಿರಿಯ. ಅಪ್ಪ ತೀರಿಕೊಂಡಿದ್ದಾನೆ. ಬೆಟ್ಟದ ಮೇಲೆ ಇದ್ದಿಲು ಸುಟ್ಟು, ಬುಟ್ಟಿಯಲ್ಲಿ ಹೊತ್ತು, ಊರಿಗೆ ಹೋಗಿ ಮಾರಿದರೆ ಮನೆಯಲ್ಲಿ ಊಟ. ಹೊಸ ವರ್ಷ ಹತ್ತಿರ ಬಂದಿದೆ, ತಮ್ಮ ತಂಗಿಯರಿಗೆ ಅಂದಾದರೂ ಹೊಟ್ಟೆ ತುಂಬ ಉಣಿಸಬೇಕು ಎಂದು ಅವನು ಅಮ್ಮನ ಮಾತು ಮೀರಿ ಹಿಮದಲ್ಲೇ ಹೊರಡುತ್ತಾನೆ.

ಊರಿನವರಿಗೆಲ್ಲ ಅವನ ಮೇಲೆ ಅಕ್ಕರೆ. ಹುಡುಗನ ಮೂಗು ಬಲು ಚುರುಕು ಅನ್ನುವುದೂ ಗೊತ್ತು. ತಟ್ಟೆ ಒಡೆದ ಆಪಾದನೆ ಹೊತ್ತವನೊಬ್ಬ ಓಡಿ ಬಂದು ಮೂಸಿ ನೋಡಪ್ಪ ಅನ್ನುತ್ತಾನೆ. ಚೂರುಗಳನ್ನು ಮೂಸಿದ ತಂಜಿರೊ ಇದು ಬೆಕ್ಕಿನ ಕೆಲಸ ಎಂದು ತೀರ್ಪು ಕೊಡುತ್ತಾನೆ. ಇಂಥ ತಮಾಷೆಯಲ್ಲಿ ಹೊತ್ತು ಮುಳುಗುತ್ತದೆ. ಕತ್ತಲಾದ ಮೇಲೆ ಬೆಟ್ಟ ಹತ್ತಬೇಡ, ರಕ್ಕಸರು ಓಡಾಡುತ್ತಾರೆ ಎಂದು ಒಬ್ಬ ಮುದುಕ ಅವನನ್ನು ತನ್ನ ಮನೆಯಲ್ಲಿ ಮಲಗಿಸಿಕೊಳ್ಳುತ್ತಾನೆ.

ಬೆಳಿಗ್ಗೆ ಬೆಟ್ಟ ಹತ್ತುವಾಗ ಅದೇ ಮೂಗಿಗೆ ರಕ್ತದ ವಾಸನೆ ಬಡಿಯುತ್ತದೆ. ಬಾಗಿಲಲ್ಲೇ ನೆಜುಕೊ, ಅವಳ ಮೈಯಡಿ ಕೊನೆಯ ತಮ್ಮ. ಒಳಗೆ ಉಳಿದವರು. ಬೆಚ್ಚಗಿರುವುದು ನೆಜುಕೊಳ ಮೈ ಮಾತ್ರ.

ಮುಂದಿನದು ಬೇಟೆಗಾರ ಗಿಯು ತೊಮಿಯೊಕನ ಪ್ರವೇಶ. ರಕ್ಕಸಿಯನ್ನು ಕಡಿಯಲು ಬಂದವನ ಮುಂದೆ ತಂಜಿರೊ ಹಿಮಕ್ಕೆ ಹಣೆ ಹಚ್ಚಿ ಬೇಡಿಕೊಳ್ಳುತ್ತಾನೆ. ನಿನ್ನ ಬಾಳಿನ ನಿರ್ಧಾರವನ್ನು ಶತ್ರುವಿನ ಕೈಗೆ ಕೊಡುತ್ತೀಯಾ ಎಂದು ಗಿಯು ಗದರುತ್ತಾನೆ. ಹಸಿದ ರಕ್ಕಸಿ ಮೂರ್ಛೆ ಹೋದ ಅಣ್ಣನನ್ನು ತಿನ್ನುವ ಬದಲು ಅವನಿಗೆ ಅಡ್ಡ ನಿಂತಿದ್ದನ್ನು ಕಂಡು ಕತ್ತಿ ಒರೆಗೆ ಸೇರಿಸುತ್ತಾನೆ. ಅವಳ ಬಾಯಿಗೆ ಬಿದಿರಿನ ತುಂಡು ಕಟ್ಟಿ, ಇಬ್ಬರನ್ನೂ ತನ್ನ ಗುರುವಿನ ಬಳಿಗೆ ಅಟ್ಟುತ್ತಾನೆ.

ಅಲ್ಲಿಂದ 205 ಕಂತು, 23 ಸಂಪುಟ. ತಂಗಿಯನ್ನು ಮತ್ತೆ ಮನುಷ್ಯಳನ್ನಾಗಿಸುವುದು, ಮನೆಯವರನ್ನು ಕೊಂದ ರಕ್ಕಸಕುಲದ ಮೂಲಪುರುಷ ಮುಜಾನ್ ಕಿಬುತ್ಸುಜಿಯನ್ನು ಮುಗಿಸುವುದು. ಗುರಿ ಇವೆರಡೇ.

ಕನ್ನಡಕ ಹಾಕಿದ ಮೊಸಳೆ

ಈ ಕತೆ ಬರೆದು ಚಿತ್ರಿಸಿದವರ ಮುಖ ಓದುಗರು ನೋಡಿಲ್ಲ. ಕೊಯೊಹಾರು ಗೊತೊಗೆ ಅನ್ನುವುದು ಕಾವ್ಯನಾಮ. 1989ರಲ್ಲಿ ಜನನ, ಊರು ಜಪಾನಿನ ನೈಋತ್ಯದ ಫುಕುವೊಕ ಪ್ರಾಂತ್ಯ. ತಮ್ಮ ಚಿತ್ರ ಬಿಡಿಸಬೇಕಾದಾಗಲೆಲ್ಲ ಕನ್ನಡಕ ಹಾಕಿದ ಮೊಸಳೆಯೊಂದನ್ನು ಬಿಡಿಸುತ್ತಾರೆ. ಅದಕ್ಕೇ ಓದುಗರ ಬಾಯಲ್ಲಿ ಅವರು ‘ಮೊಸಳೆ ಮೇಷ್ಟ್ರು’.

2013ರಲ್ಲಿ ಹೊಸಬರ ಸ್ಪರ್ಧೆಗೆ ಕಳಿಸಿದ ಅವರ ಕಿರು ಚಿತ್ರಕತೆಯಲ್ಲೂ ತಾಯ್ಶೊ ಕಾಲದ (1912-26) ಬೇಟೆಗಾರ, ನೆತ್ತರು ಕುಡಿಯುವ ಜೀವಿಗಳು ಇದ್ದರು. ಅದನ್ನೇ ಬೆಳೆಸಿ ಧಾರಾವಾಹಿಗೆಂದು ಮಾಡಿದ ಕರಡು ಸಂಪಾದಕರ ಮೇಜಿನಲ್ಲಿ ಬಿದ್ದುಹೋಯಿತು. ಅದರ ನಾಯಕ ಕುರುಡ. ಎರಡೂ ಕಾಲು ಕೃತಕ. ಒಂದು ಕೈ ಇಲ್ಲ. ಮಾತು ಕಡಿಮೆ. ‘ಜಂಪ್’ ಓದುವವರು ಶಾಲಾ ಹುಡುಗರು, ಇಷ್ಟು ಕಪ್ಪು ಅವರಿಗೆ ಜೀರ್ಣವಾಗದು ಅನ್ನಿಸಿತು.

ಆಗಿನ ಸಂಪಾದಕ ತತ್ಸುಹಿಕೊ ಕಾತಾಯಾಮಾ ಕೇಳಿದ್ದು ಒಂದೇ ಪ್ರಶ್ನೆ: ಈ ಕತೆಯಲ್ಲಿ ಸ್ವಲ್ಪ ಮಾಮೂಲಿ ಮನುಷ್ಯ ಯಾರಾದರೂ ಇದ್ದಾರೆಯೇ? ಇದ್ದಾನೆ, ಇದ್ದಿಲು ಮಾರುವ ಹುಡುಗನೊಬ್ಬ, ಮನೆಯವರೆಲ್ಲ ಸತ್ತಿದ್ದಾರೆ, ತಂಗಿ ರಕ್ಕಸಿಯಾಗಿದ್ದಾಳೆ ಎಂದರು ಗೊತೊಗೆ. ಮೂಲೆಯಲ್ಲಿ ಬಂದು ಹೋಗಬೇಕಿದ್ದ ಆ ಹುಡುಗನೇ ನಾಯಕನಾದ. ಕೈಕಾಲಿಲ್ಲದ ಕತ್ತಿವೀರನಿಗಿಂತ ಇದು ತಿಳಿಯಾದ ಕತೆ ಎಂದು ಸಂಪಾದಕರಿಗೆ ಅನ್ನಿಸಿದ್ದು, ಆ ಮನೆಯಲ್ಲಿ ಬಿದ್ದ ಹೆಣಗಳನ್ನು ನೆನೆದರೆ, ಸ್ವಲ್ಪ ವಿಚಿತ್ರವೇ.

ಆದರೆ ಆ ಒಂದು ಪ್ರಶ್ನೆಯಿಂದ ಕತೆಯ ಜಾತಿಯೇ ಬದಲಾಯಿತು. ಕತ್ತಿವೀರನಿಗೆ ರಕ್ಕಸ ಎಂದರೆ ಬೇಟೆ. ಇದ್ದಿಲಿನ ಹುಡುಗನಿಗೆ ಹಾಗಲ್ಲ. ಬೆನ್ನಿಗೆ ಕಟ್ಟಿಕೊಂಡ ಮರದ ಪೆಟ್ಟಿಗೆಯೊಳಗೆ ಕೂತಿರುವ ಒಡಹುಟ್ಟಿದವಳೇ ರಕ್ಕಸಿ. ಎದುರಿಗೆ ಬಂದ ಯಾವ ರಕ್ಕಸನನ್ನೂ ಅವನು ಬರಿಯ ರಕ್ಕಸ ಎಂದು ನೋಡಲಾರ.

ಬಾಕ್ಸ್: ರಕ್ಕಸನನ್ನು ಕೊಲ್ಲುವುದು ಹೇಗೆ?

ಮಾಮೂಲಿ ಕತ್ತಿಯಿಂದ ಕಡಿದರೆ ಕೈಕಾಲು ಮತ್ತೆ ಬೆಳೆಯುತ್ತದೆ. ಬಿಸಿಲು ಬಿದ್ದರೆ ಬೂದಿ. ಬಿಸಿಲನ್ನು ಹೀರಿಕೊಂಡ ಅದಿರಿನಿಂದ ಮಾಡಿದ ‘ನಿಚಿರಿನ್’ ಕತ್ತಿಯಿಂದ ಕುತ್ತಿಗೆ ಕತ್ತರಿಸಿದರೂ ಸಾವು. ಹಿಡಿದವರಿಗೆ ತಕ್ಕಂತೆ ಈ ಕತ್ತಿಯ ಬಣ್ಣ ಬದಲಾಗುತ್ತದೆ, ತಂಜಿರೊನದು ಕಪ್ಪು. ನೇರಳೆ ಗೊಂಚಲಿನ ವಿಸ್ಟೀರಿಯಾ ಹೂವು ರಕ್ಕಸರಿಗೆ ವಿಷ. ಬೇಟೆಗಾರರ ಅಂತಿಮ ಪರೀಕ್ಷೆ ನಡೆಯುವ ಬೆಟ್ಟದ ಸುತ್ತ ವರ್ಷವಿಡೀ ಈ ಹೂವು ಅರಳಿರುತ್ತದೆ, ಒಳಗೆ ಕೂಡಿಹಾಕಿದ ರಕ್ಕಸರು ದಾಟಿ ಬರಬಾರದೆಂದು. ಅಲ್ಲಿ ಏಳು ದಿನ ಬದುಕಿ ಉಳಿದವರು ಪಾಸು.

ಕೈಗಳ ರಾಶಿ

ಆ ಬೆಟ್ಟದಲ್ಲೇ ತಂಜಿರೊನ ಮೊದಲ ದೊಡ್ಡ ಕಾದಾಟ. ಮೈತುಂಬ ಕೈಗಳೇ ಇರುವ ರಕ್ಕಸನೊಬ್ಬ ಅಲ್ಲಿದ್ದಾನೆ. ಕುತ್ತಿಗೆಗೂ ಕೈಗಳನ್ನು ಸುತ್ತಿಕೊಂಡು ಕಾಪಾಡಿಕೊಂಡಿದ್ದಾನೆ. ಬಹಳ ಹಿಂದೆ ಇವನನ್ನು ಹಿಡಿದು ಇಲ್ಲಿ ತಂದು ಬಿಟ್ಟದ್ದು ತಂಜಿರೊನ ಗುರು ಉರೊಕೊಡಾಕಿ. ಆ ಸೇಡಿಗೆ ಗುರುವಿನ ಶಿಷ್ಯರನ್ನೇ ಹುಡುಕಿ ತಿನ್ನುತ್ತಾ ಬಂದಿದ್ದಾನೆ. ಈವರೆಗೆ ಹದಿಮೂರು ಮಕ್ಕಳು.

ಗುರುತು ಹಿಡಿಯುವುದು ಹೇಗೆ? ಶಿಷ್ಯರಿಗೆ ಕೇಡು ತಟ್ಟದಿರಲಿ ಎಂದು ಗುರು ಮರದಲ್ಲಿ ಕೆತ್ತಿಕೊಡುವ ನರಿಯ ಮುಖವಾಡದಿಂದ. ರಕ್ಷೆಯೆಂದು ಕೊಟ್ಟದ್ದೇ ಪ್ರಾಣಕ್ಕೆ ಎರವಾಯಿತು. ಗೊತೊಗೆಯವರ ಕ್ರೌರ್ಯ ಇರುವುದು ರಕ್ತದ ಚಿತ್ರದಲ್ಲಲ್ಲ, ಇಂಥ ಕಡೆ.

ತಂಜಿರೊ ಕುತ್ತಿಗೆ ಕತ್ತರಿಸುತ್ತಾನೆ. ಬೇರೆ ಯಾವ ಸಾಹಸ ಕತೆಯಾದರೂ ಇಲ್ಲಿಗೆ ಪುಟ ತಿರುಗಬೇಕು. ಆದರೆ ಬೂದಿಯಾಗುತ್ತಿರುವ ರಕ್ಕಸನಿಗೆ ತನ್ನ ಕೊನೆಯ ನೋಟಕ್ಕೆ ಬೀಳುವ ಮುಖವೂ ಅಸಹ್ಯದಿಂದ ತುಂಬಿರುತ್ತದೆ ಅನ್ನಿಸುತ್ತದೆ. ತಿರುಗಿ ನೋಡಿದ ತಂಜಿರೊನ ಮುಖದಲ್ಲಿ ಮಾತ್ರ ದುಃಖ. ಚುರುಕು ಮೂಗಿಗೆ ರಕ್ಕಸನ ಸಂಕಟದ ವಾಸನೆ ಸಿಕ್ಕಿದೆ. ಚಾಚಿದ ಆ ಕೈಯನ್ನು ಅವನು ತನ್ನೆರಡು ಕೈಯಲ್ಲಿ ಹಿಡಿದು, ಮುಂದಿನ ಜನ್ಮದಲ್ಲಾದರೂ ಇವನು ರಕ್ಕಸನಾಗದಿರಲಿ ಎಂದು ಪ್ರಾರ್ಥಿಸುತ್ತಾನೆ.

ಆಗ ರಕ್ಕಸನಿಗೆ ನೆನಪು ಮರಳುತ್ತದೆ. ತಾನೊಂದು ಪುಟ್ಟ ಹುಡುಗನಾಗಿದ್ದೆ, ಕತ್ತಲೆಗೆ ಹೆದರಿ ಅಣ್ಣನ ಕೈ ಹಿಡಿದುಕೊಳ್ಳುತ್ತಿದ್ದೆ. ಆ ಅಣ್ಣನನ್ನು ತಿಂದದ್ದೂ ತಾನೇ. ಅಷ್ಟೊಂದು ಕೈಗಳು ಯಾಕೆ ಬೆಳೆದವು ಎಂದು ಲೇಖಕರು ವಿವರಿಸಲು ಹೋಗುವುದಿಲ್ಲ.

ಇಡೀ ಕತೆಯ ಕೀಲಿ ಇಲ್ಲಿದೆ. ಮುಂದೆ ಬರುವ ಬಹುಪಾಲು ದೊಡ್ಡ ರಕ್ಕಸರಿಗೆ ಕುತ್ತಿಗೆ ಬಿದ್ದ ಮೇಲೆಯೇ ಕತೆ ಬಿಚ್ಚಿಕೊಳ್ಳುವುದು. ಸತ್ತ ಮೇಲೆ ಪಾತ್ರ ಹುಟ್ಟುತ್ತದೆ ಎನ್ನಬಹುದು. ಜಪಾನಿನ ನೋ ರಂಗಭೂಮಿಯಲ್ಲಿ ಇದಕ್ಕೊಂದು ಹಳೆಯ ದಾರಿಯಿದೆ. ಊರೂರು ಅಲೆಯುವ ಸನ್ಯಾಸಿಯ ಮುಂದೆ ಪ್ರೇತವೊಂದು ಕಾಣಿಸಿಕೊಂಡು ತನ್ನ ನೋವು ಹೇಳಿಕೊಳ್ಳುತ್ತದೆ, ಸನ್ಯಾಸಿ ಅದರ ಶಾಂತಿಗೆ ಪ್ರಾರ್ಥಿಸುತ್ತಾನೆ. ತಂಜಿರೊ ಕೈಯಲ್ಲಿ ಕತ್ತಿ ಇದೆ, ಮಾಡುವ ಕೆಲಸ ಆ ಸನ್ಯಾಸಿಯದು.

ಹುರಿದ ಕಾಳು ಎಸೆಯುವ ಹಬ್ಬ

ರಕ್ಕಸರಿಗೆ ಜಪಾನಿನಲ್ಲಿ ‘ಓನಿ’ ಅನ್ನುತ್ತಾರೆ. ಕೋಡು, ಕೆಂಪು ಇಲ್ಲವೇ ನೀಲಿ ಮೈ, ಹುಲಿಚರ್ಮದ ಲಂಗೋಟಿ, ಕೈಲಿ ಕಬ್ಬಿಣದ ಗದೆ. ಫೆಬ್ರುವರಿ ಆರಂಭದ ಸೆತ್ಸುಬುನ್ ಹಬ್ಬದಂದು ಮನೆಯಲ್ಲಿ ಯಾರಾದರೊಬ್ಬರು, ಬಹುಪಾಲು ಅಪ್ಪನೇ, ಓನಿಯ ಮುಖವಾಡ ಹಾಕಿಕೊಳ್ಳುತ್ತಾರೆ. ಮಕ್ಕಳು ಹುರಿದ ಸೋಯಾ ಕಾಳು ಎಸೆದು, ಓನಿ ಹೊರಗೆ, ಭಾಗ್ಯ ಒಳಗೆ ಎಂದು ಕೂಗಿ ಓಡಿಸುತ್ತಾರೆ.

ಎಲ್ಲ ಕಡೆ ಹೀಗಲ್ಲ. ನಾರಾ ಪ್ರಾಂತ್ಯದ ಯೊಶಿನೊ ಬೆಟ್ಟದ ಕಿಂಪುಸೆನ್‌ಜಿ ದೇಗುಲದಲ್ಲಿ ಅದೇ ದಿನ ಓನಿಯೂ ಒಳಗೇ ಬರಲಿ ಎಂದು ಕೂಗುತ್ತಾರೆ. ದೇಶದ ಮನೆಮನೆಯಿಂದ ಅಟ್ಟಿಸಿಕೊಂಡ ಓನಿಗಳಿಗೆ ಅಲ್ಲಿ ಜಾಗ ಕೊಟ್ಟು, ಬೌದ್ಧ ಮಾರ್ಗದಲ್ಲಿ ತಿದ್ದುವುದು ಅಲ್ಲಿಯ ಸಂಪ್ರದಾಯ.

ಬೇಟೆಯ ಕತೆಗಳಲ್ಲೂ ಓನಿಯ ಪರವಾಗಿ ಒಂದು ದನಿ ಮೊದಲಿಂದ ಇತ್ತು. ಓಎ ಬೆಟ್ಟದ ಓನಿ ಶುತೆನ್-ದೋಜಿಯನ್ನು ವೀರ ಮಿನಾಮೊತೊ ನೊ ಯೊರಿಮಿತ್ಸು ಕೊಂದದ್ದು ನೇರ ಯುದ್ಧದಲ್ಲಲ್ಲ. ಬೆಟ್ಟದ ಸನ್ಯಾಸಿಗಳ ವೇಷದಲ್ಲಿ ಹೋಗಿ, ಮದ್ದು ಬೆರೆಸಿದ ಮದ್ಯ ಕುಡಿಸಿ, ಮಲಗಿದ್ದಾಗ. ಮೋಸ ಮಾಡಿದಿರಿ, ಓನಿಗಳಾದ ನಾವು ಹೀಗೆ ಮಾಡುವುದಿಲ್ಲ ಎಂದು ಸಾಯುವ ಓನಿ ಬೈಯುತ್ತದೆ. ಕಡಿದ ತಲೆ ಹಾರಿ ಬಂದು ವೀರನ ಶಿರಸ್ತ್ರಾಣವನ್ನು ಕಚ್ಚುತ್ತದೆ.

ಯಕ್ಷಗಾನದಲ್ಲಿ ಬಣ್ಣದ ವೇಷದ ಒಡ್ಡೋಲಗ ನೋಡಿಕೊಂಡು ಬೆಳೆದ ನಮ್ಮ ಕರಾವಳಿಯವರಿಗೂ ರಕ್ಕಸನನ್ನು ಕೊಲ್ಲುವ ಮೊದಲು ಅವನಿಗೊಂದು ಭರ್ತಿ ಅವಕಾಶ ಕೊಡಬೇಕು ಅನ್ನುವುದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಸೂಟು ತೊಟ್ಟ ರಕ್ಕಸ

ಕತೆ ನಡೆಯುವುದು ತಾಯ್ಶೊ ಕಾಲದಲ್ಲಿ, ಅಂದರೆ 1912ರಿಂದ 1926ರ ನಡುವೆ. ಕತ್ತಿ ಕಟ್ಟಿಕೊಂಡು ಬೀದಿಯಲ್ಲಿ ಓಡಾಡುವುದನ್ನು ಸರ್ಕಾರ 1876ರಲ್ಲೇ ನಿಷೇಧಿಸಿದೆ. ಹಾಗಾಗಿ ರಕ್ಕಸರ ಬೇಟೆಗಾರರ ಪಡೆ ಸರ್ಕಾರದ ಲೆಕ್ಕದಲ್ಲೇ ಇಲ್ಲ. ರೈಲು ನಿಲ್ದಾಣದಲ್ಲಿ ಪೊಲೀಸರ ಸೀಟಿ ಕೇಳಿದರೆ ಈ ವೀರರು ಕತ್ತಿ ಮುಚ್ಚಿಕೊಂಡು ಓಟ ಕೀಳಬೇಕು.

ಬೆಟ್ಟದ ಹುಡುಗ ಮೊದಲ ಬಾರಿ ಟೋಕಿಯೊದ ಅಸಾಕುಸಾ ಪೇಟೆಗೆ ಕಾಲಿಟ್ಟಾಗಿನ ಪುಟಗಳು ನನಗೆ ಇಡೀ ಕತೆಯಲ್ಲೇ ಹೆಚ್ಚು ಇಷ್ಟ. ರಾತ್ರಿಯೂ ಹಗಲಿನಂತೆ ದೀಪ, ಎತ್ತರದ ಕಟ್ಟಡ, ಜನವೋ ಜನ. ತಲೆ ತಿರುಗಿದ ತಂಜಿರೊ ತಂಗಿಯ ಕೈ ಹಿಡಿದು ಮೂಲೆಯಲ್ಲಿದ್ದ ಉದೊನ್ ಶ್ಯಾವಿಗೆಯ ಗಾಡಿಯ ಮುಂದೆ ಕೂರುತ್ತಾನೆ. ಬಟ್ಟಲು ಬಾಯಿಗೆ ಹೋಗುವ ಮೊದಲೇ ಮೂಗಿಗೆ ಆ ವಾಸನೆ. ತನ್ನ ಮನೆಯಲ್ಲಿ ಅಂದು ಉಳಿದಿದ್ದ ವಾಸನೆ.

ಓಡಿ ಹೋಗಿ ಭುಜ ಹಿಡಿದು ತಿರುಗಿಸಿದರೆ ಅಲ್ಲಿರುವುದು ಕೋಡಿನ ಓನಿಯಲ್ಲ. ಬಿಳಿ ಹ್ಯಾಟು, ಇಸ್ತ್ರಿ ಮಾಡಿದ ಪಾಶ್ಚಾತ್ಯ ಉಡುಪು, ತೋಳಲ್ಲಿ ಪುಟ್ಟ ಮಗಳು, ಪಕ್ಕದಲ್ಲಿ ಹೆಂಡತಿ. ಸಾವಿರ ವರ್ಷ ಬದುಕಿದ ಮುಜಾನ್ ಕಾಲಕ್ಕೆ ತಕ್ಕಂತೆ ವೇಷ ಬದಲಿಸಿ ಪೇಟೆಯ ಗೃಹಸ್ಥನಾಗಿದ್ದಾನೆ. ಹಳೆಯ ಚೌಕುಳಿ ನಿಲುವಂಗಿ ತೊಟ್ಟ ಹುಡುಗನೇ ಅಲ್ಲಿ ವಿಚಿತ್ರವಾಗಿ ಕಾಣುವವನು.

ಮುಜಾನ್ ಹುಟ್ಟಿದ್ದು ಸಾವಿರ ವರ್ಷದ ಹಿಂದೆ, ಹೆಯಾನ್ ಕಾಲದಲ್ಲಿ, ಸಾಯುವ ರೋಗಿಯಾಗಿ. ಮದ್ದು ಕೆಲಸ ಮಾಡುತ್ತಿಲ್ಲವೆಂದು ಸಿಟ್ಟಿನಲ್ಲಿ ವೈದ್ಯನನ್ನೇ ಕೊಂದ. ಕೊಂದ ಮೇಲೆ ಮದ್ದು ಹತ್ತಿತು, ಮೈ ಅಮರವಾಯಿತು, ಬಿಸಿಲು ಮಾತ್ರ ಆಗದು. ಅದನ್ನು ಸರಿಪಡಿಸುವ ವೈದ್ಯ ಈಗ ಇಲ್ಲ! ಖಳನಾಯಕನ ಹುಟ್ಟಿಗೆ ಇಷ್ಟು ಕ್ಷುಲ್ಲಕ ಕಾರಣ ಕೊಟ್ಟದ್ದು ಗೊತೊಗೆಯವರ ಜಾಣತನ. ಹೆಚ್ಚಿನವರಿಗೆ ಕಣ್ಣೀರಿನ ಕತೆ ಕೊಟ್ಟ ಅವರು ಮುಜಾನ್‌ಗೆ ಕೊಟ್ಟಿಲ್ಲ. ಅವನಿಗಿರುವುದು ಸಾವಿನ ಭಯ, ಅಷ್ಟೇ.

ಅವನೊಬ್ಬ ಕೆಟ್ಟ ಮೇಲಧಿಕಾರಿಯೂ ಹೌದು. ಕೈಕೆಳಗಿನ ರಕ್ಕಸರನ್ನು ಸಭೆ ಕರೆದು ಸಾಲಾಗಿ ಕೂರಿಸಿ, ಉತ್ತರ ಕೊಟ್ಟರೂ ತಪ್ಪು, ಸುಮ್ಮನಿದ್ದರೂ ತಪ್ಪು ಎಂದು ಒಬ್ಬೊಬ್ಬರನ್ನೇ ಮುಗಿಸುವ ಪ್ರಸಂಗವಿದೆ. ಜಪಾನಿನ ಓದುಗರು ಅದಕ್ಕೆ ‘ಕಚೇರಿ ಕಿರುಕುಳದ ಮೀಟಿಂಗು’ ಎಂದು ಹೆಸರಿಟ್ಟು ನಕ್ಕರು. ತಿಂಗಳ ಟಾರ್ಗೆಟ್ ಮೀಟಿಂಗಿನಲ್ಲಿ ಕೂತು ಬೆವರಿದ ಯಾರಿಗೂ ಆ ರಕ್ಕಸರ ಮೇಲೆ ಕನಿಕರ ಹುಟ್ಟದೆ ಇರದು.

ಕಾಲು ತೆಗೆ

ನತಗುಮೊ ಬೆಟ್ಟದ ಪ್ರಸಂಗದ ರಕ್ಕಸ ರೂಯಿ, ನೋಡಲು ಬಿಳಿಚಿಕೊಂಡ ಹುಡುಗ. ಕೈಯಿಂದ ಜೇಡದ ಎಳೆ ಬಿಡುತ್ತಾನೆ. ನೋ ರಂಗದ ‘ತ್ಸುಚಿಗುಮೊ’ದಲ್ಲಿ ಜೇಡರಕ್ಕಸ ವೀರರ ಮೇಲೆ ಬಿಳಿ ಕಾಗದದ ಎಳೆಗಳನ್ನು ಎರಚುವುದು ನೋಡಿದವರಿಗೆ ತಟ್ಟನೆ ನೆನಪಾಗುತ್ತದೆ.

ರೂಯಿಗೆ ಬೇಕಿರುವುದು ಕುಟುಂಬ. ಹೆದರಿಸಿ ಬೆದರಿಸಿ ಬೇರೆ ರಕ್ಕಸರನ್ನು ಅಪ್ಪ, ಅಮ್ಮ, ಅಕ್ಕ ಎಂದು ನಟಿಸಲು ಹಚ್ಚಿದ್ದಾನೆ. ಪಾತ್ರ ತಪ್ಪಿದರೆ ಶಿಕ್ಷೆ. ಅಂಥವನ ಕಣ್ಣೆದುರಿಗೆ ತಂಜಿರೊನಿಗೆ ಅಡ್ಡಬಂದು ಏಟು ತಿನ್ನುವ ನೆಜುಕೊ ಕಾಣುತ್ತಾಳೆ. ಈ ತಂಗಿಯನ್ನು ನನಗೆ ಕೊಡು ಅನ್ನುತ್ತಾನೆ.

ಕೊನೆಗೆ ರೂಯಿಯ ತಲೆ ತೆಗೆಯುವುದು ಗಿಯು. ತಲೆಯಿಲ್ಲದ ಪುಟ್ಟ ಮೈ ತಂಜಿರೊನತ್ತ ತೆವಳುತ್ತದೆ, ಅವನು ಅದರ ಬೆನ್ನ ಮೇಲೆ ಕೈಯಿಡುತ್ತಾನೆ. ಮೈ ಕರಗಿ ಬಟ್ಟೆಯಷ್ಟೇ ಉಳಿದಾಗ ಗಿಯು ಅದರ ಮೇಲೆ ಕಾಲಿಡುತ್ತಾನೆ, ಮನುಷ್ಯರನ್ನು ತಿಂದವರ ಮೇಲೆ ಕನಿಕರ ಬೇಡ ಎಂದು. ಪ್ರಾಣ ಉಳಿಸಿದ ಹಿರಿಯನಿಗೇ ತಂಜಿರೊ ಕಾಲು ತೆಗೆಯಲು ಹೇಳುತ್ತಾನೆ. ಸತ್ತವರ ಪರವಾಗಿ ನಾನು ಕತ್ತಿ ಎತ್ತುತ್ತೇನೆ, ಅದರಲ್ಲಿ ಹಿಂದೆಮುಂದೆ ನೋಡುವುದಿಲ್ಲ, ಆದರೆ ಪಶ್ಚಾತ್ತಾಪ ಪಡುವವರನ್ನು ತುಳಿಯಲಾರೆ ಎಂಬುದು ಅವನ ವಾದ.

ಗಮನಿಸಿ, ಅವನು ಕ್ಷಮಿಸುತ್ತಿಲ್ಲ. ಕುತ್ತಿಗೆ ಕಡಿಯದೆ ಬಿಟ್ಟ ಉದಾಹರಣೆ ತೀರಾ ಅಪರೂಪ. ಕರುಣೆ ಎಂದರೆ ಶಿಕ್ಷೆ ಬಿಡುವುದು ಎಂದು ನಾವು ತಿಳಿದಿರುವಲ್ಲಿ ಈ ಹುಡುಗ ಎರಡನ್ನೂ ಬೇರೆ ಬೇರೆ ಇಟ್ಟಿದ್ದಾನೆ.

ಟೋಕಿಯೊದ ಯೊಶಿವಾರಾ ಸೂಳೆಗೇರಿಯ ಪ್ರಸಂಗದಲ್ಲಿ ಇದಕ್ಕೆ ಇನ್ನಷ್ಟು ಖಾರ ಬೆರೆಯುತ್ತದೆ. ಅಲ್ಲಿಯ ರಕ್ಕಸರು ಗ್ಯುತಾರೊ ಮತ್ತು ಡಾಕಿ, ಅಣ್ಣ ತಂಗಿ. ತಂಜಿರೊ ನೆಜುಕೊ ಎದುರಿಗೆ ಕನ್ನಡಿ ಹಿಡಿದ ಹಾಗೆ. ಹಸಿವಿನಲ್ಲಿ, ಕೊಳಕಿನಲ್ಲಿ ಬೆಳೆದವರು. ತಂಗಿಯನ್ನು ಜೀವಂತ ಸುಟ್ಟ ದಿನ ಹಿಮ ಬೀಳುತ್ತಿತ್ತು. ಕರಕಲಾದವಳನ್ನು ಎತ್ತಿಕೊಂಡು ಹೋದ ಅಣ್ಣನಿಗೆ ಕೈ ಚಾಚಿದವರು ಮನುಷ್ಯರಲ್ಲ, ರಕ್ಕಸರು. ತಂಜಿರೊನಿಗೆ ಸಿಕ್ಕ ಗಿಯು ಅವರಿಗೆ ಸಿಗಲಿಲ್ಲ. ವ್ಯತ್ಯಾಸ ಇಷ್ಟೇ.

ಕತ್ತರಿಸಿ ಬಿದ್ದ ಎರಡು ತಲೆಗಳು ಬೀದಿಯಲ್ಲಿ ಒಂದಕ್ಕೊಂದು ಬೈದಾಡುತ್ತವೆ. ನಿನ್ನಿಂದ ಸೋತೆ, ನೀನು ನನ್ನ ತಂಗಿಯೇ ಅಲ್ಲ, ಹುಟ್ಟಲೇಬಾರದಿತ್ತು ಎಂಬಲ್ಲಿಗೆ ಮಾತು ಬರುವಷ್ಟರಲ್ಲಿ ತಂಜಿರೊ ಗ್ಯುತಾರೊನ ಬಾಯಿಗೆ ಕೈ ಅಡ್ಡ ಇಡುತ್ತಾನೆ. ಆ ಮಾತು ಸುಳ್ಳು, ನಿಮ್ಮಿಬ್ಬರಿಗೆ ಈಗ ಇರುವುದು ನೀವಿಬ್ಬರೇ ಅನ್ನುತ್ತಾನೆ. ರಕ್ಕಸರ ಬೇಟೆಗಾರನೊಬ್ಬ ರಕ್ಕಸರ ಜಗಳ ಬಿಡಿಸುವ ಇಂಥ ದೃಶ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ಕೊರತೆಗಳಿಲ್ಲವೇ?

ಇವೆ. ಗೊತೊಗೆಯವರ ಗೆರೆ ಒರಟು. ಮುಖಗಳು ಚೆನ್ನಾಗಿ ಮೂಡುತ್ತವೆ, ಕಾದಾಟದ ಪುಟಗಳಲ್ಲಿ ಯಾರ ಕತ್ತಿ ಯಾರ ಮೈಗೆ ತಗುಲಿತು ಎಂದು ತಿಳಿಯಲು ಕೆಲವೊಮ್ಮೆ ಹಿಂದಕ್ಕೆ ಹೋಗಿ ನೋಡಬೇಕು. ಚಿತ್ರದಲ್ಲಿ ಕಾಣುವುದನ್ನೇ ಪಾತ್ರಗಳು ಬಾಯಲ್ಲೂ ಹೇಳುತ್ತವೆ. ತಂಜಿರೊನ ಸಂಗಾತಿ, ಹೆದರುಪುಕ್ಕಲ ಜೆನಿತ್ಸುವಿನ ಅರಚಾಟ ಮೂರನೆಯ ಸಲಕ್ಕೆ ಸಾಕೆನಿಸುತ್ತದೆ. ಹಂದಿಯ ತಲೆ ಹಾಕಿಕೊಂಡು ಓಡಾಡುವ ಇನೊಸುಕೆ ಮಾತ್ರ ಎಷ್ಟು ಸಲ ಬಂದರೂ ಸೈ.

ಇದಕ್ಕಿಂತ ದೊಡ್ಡ ತಕರಾರು ಬೇಟೆಗಾರರ ಪಡೆಯ ಬಗ್ಗೆ. ಹದಿಹರೆಯದ ಅನಾಥರನ್ನು ಸಾವಿನ ಬಾಯಿಗೆ ಕಳಿಸುವ ಸಂಸ್ಥೆ ಅದು. ಪರೀಕ್ಷೆಯಲ್ಲೇ ಬಹುಪಾಲು ಮಕ್ಕಳು ಸಾಯುತ್ತಾರೆ. ಪಡೆಯ ಯಜಮಾನ ಉಬುಯಾಶಿಕಿ ಮೃದುಭಾಷಿ, ಸತ್ತ ಪ್ರತಿಯೊಬ್ಬರ ಹೆಸರು ಬಲ್ಲವನು, ಸಮಾಧಿಗಳಿಗೆ ತಪ್ಪದೆ ಹೋಗುವವನು. ಎಲ್ಲರೂ ಅವನನ್ನು ದೇವರಂತೆ ಕಾಣುತ್ತಾರೆ. ರಕ್ಕಸರ ನೋವನ್ನು ಅಷ್ಟು ಆಳಕ್ಕೆ ಇಳಿದು ಕೇಳುವ ಕತೆ, ಮಕ್ಕಳನ್ನು ಕತ್ತಿ ಕೊಟ್ಟು ಕಳಿಸುವ ಈ ಸಜ್ಜನನನ್ನು ಒಂದು ಪ್ರಶ್ನೆಯನ್ನೂ ಕೇಳದೆ ಬಿಟ್ಟುಬಿಡುತ್ತದೆ.

ಒಂದು ಮಾತಿಗೆ ಮೆಚ್ಚಲೇಬೇಕು. 2020ರ ಮೇ 18ರಂದು, ದೇಶವಿಡೀ ಈ ಕತೆಯ ಗುಂಗಿನಲ್ಲಿದ್ದಾಗ, ಗೊತೊಗೆ ಮುಗಿಸಿಬಿಟ್ಟರು. 1997ರಲ್ಲಿ ಶುರುವಾದ ‘ಒನ್ ಪೀಸ್’ ಇನ್ನೂ ನಡೆಯುತ್ತಿರುವ ಪತ್ರಿಕೆಯಲ್ಲಿ ನಾಲ್ಕೂಕಾಲು ವರ್ಷಕ್ಕೆ ಅಂಗಡಿ ಮುಚ್ಚುವುದು ಸುಲಭದ ಮಾತಲ್ಲ.

ಬಾಕ್ಸ್: ಅಂಕಿಗಳ ಅಬ್ಬರ

ಮುದ್ರಿತ, ಡಿಜಿಟಲ್ ಸೇರಿ 2020ರ ಅಕ್ಟೋಬರ್‌ಗೆ 10 ಕೋಟಿ, 2025ರ ಹೊತ್ತಿಗೆ 22 ಕೋಟಿ ಪ್ರತಿ. 2020ರ ಜಪಾನಿನ ಕಾಮಿಕ್ ಮಾರಾಟ ಪಟ್ಟಿಯ ಮೊದಲ 22 ಸ್ಥಾನವೂ ಇದರ ಸಂಪುಟಗಳಿಗೇ. ಡಿಸೆಂಬರ್ 4ರಂದು ಬಂದ 23ನೇ ಸಂಪುಟದ ಮೊದಲ ಮುದ್ರಣವೇ 39.5 ಲಕ್ಷ. ‘ಮುಗೆನ್ ಟ್ರೇನ್’ ಚಲನಚಿತ್ರ ಜಪಾನಿನಲ್ಲಿ 4,000 ಕೋಟಿ ಯೆನ್ ದಾಟಿ, 2001ರ ‘ಸ್ಪಿರಿಟೆಡ್ ಅವೇ’ 19 ವರ್ಷ ಕಾಪಾಡಿಕೊಂಡಿದ್ದ ದಾಖಲೆ ಮುರಿಯಿತು.

ಬಂಡೆ, ಚೌಕುಳಿ, ಪ್ರಧಾನಿ

ಮೊದಲ ಮೂರು ವರ್ಷ ಇದು ಚೆನ್ನಾಗಿ ಓಡುತ್ತಿದ್ದ ಒಂದು ಕಾಮಿಕ್, ಅಷ್ಟೇ. 2019ರ ಏಪ್ರಿಲ್‌ನಲ್ಲಿ ಯೂಫೊಟೇಬಲ್ ಸ್ಟುಡಿಯೊ ಮಾಡಿದ ಅನಿಮೆ (ಜಪಾನಿ ಆನಿಮೇಷನ್) ಟಿ.ವಿ.ಗೆ ಬಂತು. ಆಗಸ್ಟ್‌ನಲ್ಲಿ 19ನೇ ಕಂತು. ರೂಯಿಯ ಎದುರು ತಂಜಿರೊನ ಉಸಿರು ನಿಲ್ಲುವ ಹೊತ್ತಿಗೆ ಅಪ್ಪನ ಅಗ್ನಿನೃತ್ಯ ನೆನಪಾಗುತ್ತದೆ. ಹೊಸ ವರ್ಷದ ರಾತ್ರಿ ಹಿಮದಲ್ಲಿ ಬೆಳಗಿನವರೆಗೆ ರೋಗಿ ಅಪ್ಪ ಕುಣಿಯುತ್ತಿದ್ದ ಕುಣಿತದ ಹೆಜ್ಜೆಗಳೇ ಕತ್ತಿಯ ಪಟ್ಟುಗಳಾಗುತ್ತವೆ. ಆ ಒಂದು ಕಂತಿನ ಬಳಿಕ ಪುಸ್ತಕದಂಗಡಿಗಳಲ್ಲಿ ಸಂಪುಟಗಳು ಸಿಗದಾದವು.

ಮುಂದಿನ ವರ್ಷ ಕೋವಿಡ್. ಮನೆಯಲ್ಲಿ ಕೂತ ದೇಶ ಓದಿತು, ನೋಡಿತು. ಅಕ್ಟೋಬರ್ 16ಕ್ಕೆ ‘ಮುಗೆನ್ ಟ್ರೇನ್’ ತೆರೆ ಕಂಡಾಗ ಮಾಸ್ಕ್ ಹಾಕಿಕೊಂಡ ಜನ ಚಿತ್ರಮಂದಿರ ತುಂಬಿದರು. ಕತ್ತಿ ಬೀಸಲು ಬೇಟೆಗಾರರು ಕಲಿಯುವ ಉಸಿರಾಟದ ವಿದ್ಯೆಯನ್ನೇ ಹಿಡಿದುಕೊಂಡು, ನಾನೂ ಪೂರ್ಣ ಏಕಾಗ್ರತೆಯ ಉಸಿರಿನಿಂದ ಉತ್ತರಿಸುತ್ತೇನೆ ಎಂದು ಆಗಿನ ಪ್ರಧಾನಿ ಯೊಶಿಹಿದೆ ಸುಗಾ ಸಂಸತ್ತಿನ ಬಜೆಟ್ ಸಮಿತಿಯಲ್ಲೇ ಅಂದರು. ಜೆ.ಆರ್. ಕ್ಯುಶು ರೈಲ್ವೆ ತಾಯ್ಶೊ ಕಾಲದ ತನ್ನ ಹಬೆ ಎಂಜಿನ್ನಿಗೆ ‘ಮುಗೆನ್’ ಫಲಕ ಕಟ್ಟಿ ಕುಮಾಮೊತೊದಿಂದ ಓಡಿಸಿತು.

ನಾರಾ ಬಳಿಯ ಯಾಗ್ಯುವಿನ ಕಾಡಿನಲ್ಲೊಂದು ದೊಡ್ಡ ಬಂಡೆ ನಟ್ಟನಡುವೆ ಸೀಳಿ ಎರಡಾಗಿದೆ. ಕತ್ತಿವೀರ ಯಾಗ್ಯು ಮುನೆತೊಶಿ ತೆಂಗು ಎಂಬ ಬೆಟ್ಟದ ಭೂತದೊಂದಿಗೆ ಕಾದಾಡುವಾಗ ಒಂದೇ ಏಟಿಗೆ ಸೀಳಿದ್ದು ಎಂದು ಐತಿಹ್ಯ. ಗುರುವಿನ ಆಜ್ಞೆಯಂತೆ ತಂಜಿರೊ ಸೀಳುವ ಬಂಡೆಯಂತೆಯೇ ಇದೆಯೆಂದು ಮಕ್ಕಳು ಆಟಿಕೆ ಕತ್ತಿ ಹಿಡಿದು ಫೋಟೊಗೆ ಸಾಲುಗಟ್ಟಿದರು.

ತಂಜಿರೊ ತೊಡುವ ಹಸಿರು ಕಪ್ಪು ಚೌಕುಳಿಯ ಬಟ್ಟೆ ಎಲ್ಲೆಲ್ಲೂ ಕಾಣತೊಡಗಿದಾಗ ಶುಯೇಶಾ ಅದಕ್ಕೆ ಟ್ರೇಡ್‌ಮಾರ್ಕ್ ಕೇಳಿತು. ಜಪಾನಿನ ಪೇಟೆಂಟ್ ಕಚೇರಿ 2021ರಲ್ಲಿ ಒಪ್ಪಲಿಲ್ಲ. ಅದು ತಲೆತಲಾಂತರದಿಂದ ಎಲ್ಲರೂ ಉಡುತ್ತಾ ಬಂದ ವಿನ್ಯಾಸ. ಕೂಸುಗಳ ಬಟ್ಟೆಗೆ ರಕ್ಷೆಯೆಂದು ಹಾಕುತ್ತಿದ್ದ ಸೆಣಬಿನೆಲೆಯ ಚಿತ್ತಾರ ನೆಜುಕೊಳದು, ಅದಕ್ಕೂ ಇದೇ ಉತ್ತರ.

ಬೆಂಗಳೂರಿಗೂ ಬಂದ

ಕೊನೆಯ ಯುದ್ಧವನ್ನು ಮೂರು ಚಿತ್ರಗಳಾಗಿ ಮಾಡುತ್ತಿದ್ದಾರೆ. ಮೊದಲನೆಯದು ‘ಇನ್ಫಿನಿಟಿ ಕಾಸಲ್’ ಜಪಾನಿನಲ್ಲಿ 2025ರ ಜುಲೈ 18ಕ್ಕೆ, ಭಾರತದಲ್ಲಿ ಸೆಪ್ಟೆಂಬರ್ 12ಕ್ಕೆ ಬಂತು. ಜಗತ್ತಿನ ಒಟ್ಟು ಗಳಿಕೆಯಲ್ಲಿ ‘ಮುಗೆನ್ ಟ್ರೇನ್’ ಅನ್ನೂ ಹಿಂದಿಕ್ಕಿತು. ನಮ್ಮಲ್ಲಿ ಬೇರೆ ಯಾವ ಜಪಾನಿ ಅನಿಮೆಗೂ ಅಷ್ಟು ಟಿಕೆಟ್ ಹಣ ಬಂದಿರಲಿಲ್ಲ. ಮೂಲ ಜಪಾನಿಯ ಜೊತೆಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಡಬ್ ಆಗಿತ್ತು. ಕನ್ನಡದಲ್ಲಿ ಇರಲಿಲ್ಲ.

ಹಾಗೆಂದು ನಮ್ಮ ಹುಡುಗರು ಕಾದು ಕೂತಿಲ್ಲ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಮಾಂಗಾ, ಅಂದರೆ ಜಪಾನಿ ಕಾಮಿಕ್, ಈಗ ಗೋಡೆಗಟ್ಟಲೆ ಜಾಗ ಹಿಡಿದಿದೆ. ನೆಲದ ಮೇಲೆ ಕೂತು ಇಂಗ್ಲಿಷ್ ಸಂಪುಟ ತಿರುವುತ್ತಾ ಪಕ್ಕದವನಿಗೆ ಕನ್ನಡದಲ್ಲಿ ಕತೆ ಹೇಳುವ ಹೈಸ್ಕೂಲು ಮಕ್ಕಳನ್ನು ನೋಡಿದರೆ ಅನುವಾದದ ಕೆಲಸ ಅಲ್ಲೇ ಉಚಿತವಾಗಿ ನಡೆದಿದೆ ಅನ್ನಿಸುತ್ತದೆ. ಅಂದಹಾಗೆ, ‘ಅಮರ ಚಿತ್ರ ಕಥೆ’ಯ ಆರಂಭದ ಪುಸ್ತಕಗಳು 1965ರಲ್ಲಿ ಮೊದಲು ಅಚ್ಚಾದದ್ದು ಕನ್ನಡದಲ್ಲಿ, ಅವೂ ಹೊರದೇಶದ ಕತೆಗಳೇ.

ಮಕ್ಕಳಿಗೆ ಕೊಡಬಹುದೇ ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಒಂದು ಮಾಹಿತಿ. ‘ಮುಗೆನ್ ಟ್ರೇನ್’ಗೆ ಜಪಾನಿನಲ್ಲಿ ಹನ್ನೆರಡರ ಕೆಳಗಿನವರಿಗೆ ಹಿರಿಯರ ಮಾರ್ಗದರ್ಶನ ಸಾಕು ಎಂದರು, ಅಮೆರಿಕದಲ್ಲಿ ದೊಡ್ಡವರು ಜೊತೆಗಿಲ್ಲದೆ ಹದಿನೇಳರ ಕೆಳಗಿನವರನ್ನು ಒಳಗೇ ಬಿಡುವಂತಿಲ್ಲ ಎಂದರು. ಎರಡರ ನಡುವೆ ಎಲ್ಲೋ ನಿಮ್ಮ ತೀರ್ಮಾನ. ನೀವೇ ಮೊದಲು ಓದಿ ನೋಡುವುದಾದರೆ 23 ಸಂಪುಟವೂ ಬೇಕಿಲ್ಲ. ಮೊದಲೆರಡನ್ನು ಓದಿ, ಕೈಗಳ ರಕ್ಕಸ ಅಲ್ಲಿಗೆ ಮುಗಿಯುತ್ತಾನೆ. ಹಿಡಿಸಿದರೆ ಐದನೆಯದರ ರೂಯಿ, ಹನ್ನೊಂದನೆಯದರ ಅಣ್ಣ ತಂಗಿ. ಜಪಾನಿ ಪದ್ಧತಿಯಂತೆ ಪುಸ್ತಕವನ್ನು ಹಿಂಬದಿಯಿಂದ ತೆರೆದು ಬಲದಿಂದ ಎಡಕ್ಕೆ ಓದಬೇಕು. ಮೊದಲ ಹತ್ತು ಪುಟ ಉತ್ತರ ಬಂದ ಮೇಲೆ ಪ್ರಶ್ನೆ ಕೇಳಿದಂತಾಗುತ್ತದೆ, ಆಮೇಲೆ ಕಣ್ಣಿಗೆ ತಾನೇ ರೂಢಿಯಾಗುತ್ತದೆ.